ದಾಸವಾಳದ ಕುಂಡದ ಕೇಸು

ಮುಖ ನೋಡಿ ಕಳ್ಳನನ್ನು ಹೇಳಿಬಿಡುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ. ನನಗೆ ಅದು ಉಗ್ರಾಣದಿಂದ ಬಂತು. ನಾನು ಓದಿದ್ದು ಕುಂದಾಪುರದ ಕಡೆ ನಾಲ್ಕನೇ ಕ್ಲಾಸಿನವರೆಗೆ. ಮದುವೆಯಾಗಿ ಮದ್ರಾಸಿಗೆ ಬಂದ ಮೇಲೆ ನುಂಗಂಬಾಕ್ಕದಲ್ಲಿ ನಮ್ಮವರ ಹೋಟೆಲಿನ ಉಗ್ರಾಣದ ಬೀಗದ ಕೈ ಮೂವತ್ತು ವರ್ಷ ನನ್ನ ಸೊಂಟದಲ್ಲಿತ್ತು. ಡಬ್ಬದಲ್ಲಿ ಗೋಡಂಬಿ ಇಳಿದದ್ದು ಕಂಡರೆ ನಾನು ಯಾರನ್ನೂ ವಿಚಾರಿಸಿದವಳಲ್ಲ. ಕೆಲಸದವರನ್ನೆಲ್ಲ ಸಾಲಾಗಿ ಕೂರಿಸಿ ಕಾಫಿ ಕೊಡುತ್ತಿದ್ದೆ. ಗೋಡಂಬಿ ತಿಂದವನು ಮಾತ್ರ ‘ಕಾಫಿ ಬಹಳ ಚೆನ್ನಾಗಿದೆ ಅಮ್ಮ’ ಎನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಲೆಕ್ಕ ತಪ್ಪಲಿಲ್ಲ. ತಪ್ಪಿದ್ದರೂ ನನ್ನ ಮುಂದೆ ಬಂದು ಹಾಗೆಂದು ಹೇಳುವ ಧೈರ್ಯ ಯಾರಿಗಿತ್ತು, ಅದು ಬೇರೆ ಮಾತು.

ಈಗ ಹೋಟೆಲಿಲ್ಲ, ನಮ್ಮವರೂ ಇಲ್ಲ, ಆ ಶಕ್ತಿಗೆ ಕೆಲಸವೂ ಇಲ್ಲದೆ ಹೋಗಿತ್ತು. ಅದಕ್ಕೆ ಕೆಲಸ ಕೊಟ್ಟವಳು ಮೊಮ್ಮಗಳು ಅನಘಾ. ಒಂಬತ್ತನೇ ಕ್ಲಾಸು. ಶಾಲೆಯ ಲೈಬ್ರರಿಯಿಂದ ವಾರಕ್ಕೊಂದು ಇಂಗ್ಲಿಷ್ ಕಾದಂಬರಿ ತರುತ್ತಾಳೆ, ಓದಿ ನನಗೆ ತಮಿಳಿನಲ್ಲಿ ಹೇಳುತ್ತಾಳೆ, ನಾನು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತೇನೆ. ಎಲ್ಲ ಕತೆಯಲ್ಲೂ ದೂರದೇಶದ ಒಂದು ಸಣ್ಣ ಊರು, ಊರಿಗೊಂದು ಕೆರೆ, ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಹಕ್ಕಿ ನೋಡುತ್ತ ತಿರುಗುವ ಒಬ್ಬ ಹೆಂಗಸು. ಅಪರೂಪದ ಹಕ್ಕಿಯ ಮೊಟ್ಟೆ ಕಳುವಾಗುತ್ತದೆ, ಅದರ ಹಿಂದೆಯೇ ಒಂದು ಹೆಣ ಬೀಳುತ್ತದೆ. ರಕ್ತ ಗಿಕ್ತ ತೋರಿಸುವುದಿಲ್ಲ. ಹೆಣ ಬಿದ್ದ ಮರುಕ್ಷಣ ಎಲ್ಲರೂ ಟೀ ಕುಡಿಯಲು ಕೂರುತ್ತಾರೆ. ಮೊಟ್ಟೆಗಾಗಿ ಕೊಲೆ ಮಾಡುವವರಿದ್ದಾರೆ ಎನ್ನುವುದು ಮೊಟ್ಟೆಯನ್ನೇ ಅಡುಗೆಮನೆಗೆ ಸೇರಿಸದ ನನ್ನ ತಲೆಗೆ ಹೋಗಲು ಎರಡು ಕಾದಂಬರಿ ಬೇಕಾಯಿತು. ಮೂರನೆಯದರಿಂದ ಅರ್ಧ ಕತೆಗೆ ಮೊದಲೇ ಕೊಲೆಗಾರನನ್ನು ಹೇಳತೊಡಗಿದೆ. ಅನಘಾ ಸಿಟ್ಟು ಮಾಡಿಕೊಂಡು ಕೊನೆಯ ಪುಟ ನೋಡುವಳು. ನಾನು ಹೇಳಿದವನೇ ಇರುತ್ತಿದ್ದ. ಆ ದುರ್ಬೀನಿನ ಹೆಂಗಸಿಗೆ ಮುನ್ನೂರು ಪುಟ ಹಿಡಿಯುವ ಕೆಲಸ ನನಗೆ ಒಂದು ಲೋಟ ಕಾಫಿ ಆರುವುದರೊಳಗೆ ಆಗುತ್ತಿತ್ತು.

ಹೀಗಿರುವಾಗ ನಮ್ಮ ಬಾಲ್ಕನಿಯ ದಾಸವಾಳದ ಕುಂಡದಲ್ಲಿ ಬುಲ್‌ಬುಲ್ ಗೂಡು ಕಟ್ಟಿತು. ಕರಿಯ ತಲೆ, ಬಾಲದ ಬುಡಕ್ಕೆ ಕುಂಕುಮ ಮೆತ್ತಿದ ಹಾಗೆ ಕೆಂಪು. ಹನ್ನೊಂದು ಗಂಟೆಗೆ ಕಾಗೆಗೆ ಅನ್ನ ಇಡಲು ಹೋದಾಗ ನಾನೇ ಅದನ್ನು ಮೊದಲು ಕಂಡದ್ದು. ಅನಘಾ ಕುಣಿದಳು. ಶಾಲೆಯ ನೇಚರ್ ಕ್ಲಬ್ಬಿಗೆಂದು ನೋಟ್‌ಬುಕ್ಕು ಹೊಲಿದಳು. ಗೂಡು ಮುಟ್ಟಬಾರದು, ಇಣುಕಬಾರದು, ಆ ಕುಂಡಕ್ಕೆ ಚೊಂಬಿನಲ್ಲಿ ನೀರು ಸುರಿಯಬಾರದು ಎಂದು ಮನೆಯವರಿಗೆಲ್ಲ ಕಾನೂನು ಮಾಡಿದಳು. ನನ್ನ ಮಗ ಸಹ ಬಾಲ್ಕನಿಗೆ ಚಪ್ಪಲಿ ಬಿಟ್ಟು ಹೋಗತೊಡಗಿದ. ಮೂರು ಮೊಟ್ಟೆ ಒಡೆದು ಮೂರು ಮರಿಯಾದವು. ಬೋಳು ಕುತ್ತಿಗೆ, ಮೈಗಿಂತ ದೊಡ್ಡ ಬಾಯಿ. ಚೆಂದವೆಂದು ನಾನು ಹೇಳಲಾರೆ.

ನಾಲ್ಕನೆಯ ದಿನ ಗೂಡು ಖಾಲಿ. ಗೂಡಿನ ಅಂಚಿಗೆ ಒಂದು ಎಳೆ ನಾರು ಜೋತಾಡುತ್ತಿತ್ತು, ಅಷ್ಟೆ. ಅನಘಾ ಶಾಲೆಯಿಂದ ಬಂದವಳು ಊಟ ಮಾಡಲಿಲ್ಲ. ಅತ್ತು ಪ್ರಯೋಜನವಿಲ್ಲ, ಕಳ್ಳನನ್ನು ಹಿಡಿಯೋಣ ಏಳು ಎಂದೆ. ಎರಡನೆಯ ಮಹಡಿಗೆ ಬೆಕ್ಕು ಬರುವುದಿಲ್ಲ. ಹಾವಂತೂ ನುಂಗಂಬಾಕ್ಕದ ಬಾಡಿಗೆ ಕೇಳಿಯೇ ಓಡಿಹೋದೀತು. ಉಳಿದವರು ಒಬ್ಬರೇ, ನಮ್ಮದೇ ಕಾಂಪೌಂಡಿನ ಎದುರು ಬ್ಲಾಕಿನ ಶೇಷಾದ್ರಿ. ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ವೈಷ್ಣವರು, ಕೆಲಸದಿಂದ ನಿವೃತ್ತರಾಗಿ ಮೊಳದುದ್ದದ ಕ್ಯಾಮರಾ ಇಟ್ಟುಕೊಂಡವರು, ಭಾನುವಾರ ಬೆಳಗ್ಗೆ ಕಾಂಪೌಂಡಿನ ಮಕ್ಕಳನ್ನೆಲ್ಲ ಪಳ್ಳಿಕರಣೆಯ ಜೌಗಿಗೆ ಹಕ್ಕಿ ತೋರಿಸಲು ಕರೆದೊಯ್ಯುವವರು. ಹಿಂದಿನ ದಿನವಷ್ಟೇ ಅನಘಾ ಕರೆದಳೆಂದು ಬಂದು ಮರಿಗಳ ಫೋಟೋ ತೆಗೆದಿದ್ದರು. ಎಲೆ ಸರಿಸಿ, ಮುಟ್ಟಿ, ಗೂಡು ಅಲ್ಲಾಡಿಸಿ ತಾಯಿಯನ್ನು ಓಡಿಸಿರಬೇಕು. ಕರೆಸಿ ಕೂರಿಸಿ ಕಾಫಿ ಕೊಟ್ಟೆ. ಎರಡು ಗುಟುಕು ಕುಡಿದು, ‘ಕಾಫಿ ರೊಂಬ ಚೆನ್ನಾಗಿದೆ ಮಾಮಿ’ ಎಂದರು. ನನಗೆ ಅಷ್ಟು ಸಾಕಾಯಿತು.

ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಮರುದಿನ ಗೇಟಿನ ಹತ್ತಿರ ಹೂವು ಕೊಳ್ಳುತ್ತಿದ್ದ ಆರೇಳು ಹೆಂಗಸರ ಮುಂದೆಯೇ, ಇವರು ಕೈ ಹಾಕಿದ್ದಕ್ಕೆ ನಮ್ಮ ಮರಿಗಳು ಹೋದವು ಎಂದು ಹೇಳಿದೆ. ಶೇಷಾದ್ರಿ ಅಲ್ಲೇ ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಮೆಟ್ಟಿಲು ಹತ್ತಿ ಹೋದರು. ಆ ಭಾನುವಾರ ಇಬ್ಬರೇ ಮಕ್ಕಳು ಬಂದರಂತೆ. ಮುಂದಿನ ಭಾನುವಾರ ಮಂಡಿನೋವು ಎಂದು ಅವರೇ ಹೋಗಲಿಲ್ಲ. ಅನಘಾ ನನ್ನೊಡನೆ ಮಾತು ಬಿಟ್ಟಳು. ಅಂಕಲ್ ಅಂಥವರಲ್ಲ ಎಂದು ಅವಳದು, ಅಂಥವರೇ ಹಾಗೆ ಮಾಡುವುದು ಎಂದು ನನ್ನದು.

ಮೂರು ವಾರಕ್ಕೆ ಆ ಬುಲ್‌ಬುಲ್ ಜೋಡಿ ಪಕ್ಕದ ಮಲ್ಲಿಗೆ ಬಳ್ಳಿಯಲ್ಲಿ ಮತ್ತೆ ಕಟ್ಟಿತು. ಮತ್ತೆ ಮೂರು ಮೊಟ್ಟೆ. ಈ ಸಲ ಅನಘಾ ರಜೆಯ ಎರಡು ದಿನವೂ ಬಾಗಿಲ ಸಂದಿಯಲ್ಲಿ ಕೂತು ಕಂಡದ್ದನ್ನೆಲ್ಲ ಗಳಿಗೆ ಸಮೇತ ಬರೆದಳು. ಭಾನುವಾರ ಸಂಜೆ ನನ್ನ ಮುಂದೆ ಬಂದು, ಮಾತು ಬಿಟ್ಟದ್ದನ್ನು ಮರೆತು, ನೋಟ್‌ಬುಕ್ಕು ಓದಿದಳು. ಹನ್ನೊಂದು ಗಂಟೆಗೆ ಅಜ್ಜಿ ಪ್ಯಾರಪೆಟ್ಟಿನ ಮೇಲೆ ಅನ್ನ ಇಟ್ಟು ಕಾ ಕಾ ಎಂದು ಕೂಗಿದರು. ಎರಡು ನಿಮಿಷಕ್ಕೆ ಕಾಗೆ ಬಂತು. ಅನ್ನ ತಿಂದಿತು. ತಿಂದು ಹೋಗಲಿಲ್ಲ. ಬಳ್ಳಿಯ ಕಡೆ ಕುತ್ತಿಗೆ ಓರೆ ಮಾಡಿ ನೋಡಿತು. ಬುಲ್‌ಬುಲ್ ಎರಡೂ ಸೇರಿ ಅಟ್ಟಿದವು. ಮರುದಿನವೂ ಅಕ್ಷರಕ್ಕೆ ಅಕ್ಷರ ಅದೇ.

“ಅಜ್ಜಿ, ದಿನಾ ಕೂಗಿ ಕೂಗಿ ಕರೀತಿರೋದು ನೀನೇ,” ಎಂದಳು. ಅವಳು ನನ್ನೊಡನೆ ಇಡೀ ವಾಕ್ಯ ಕನ್ನಡದಲ್ಲಿ ಆಡಿದರೆ ವಿಷಯ ಗಂಭೀರ ಎಂದು ಅರ್ಥ.

ಊಟಕ್ಕೆ ಮೊದಲು ಕಾಗೆಗೆ ಅನ್ನ ಇಡುವುದು ನಮ್ಮ ಊರಿನಲ್ಲಿ ದಿನದ ಪದ್ಧತಿಯಲ್ಲ, ತಿಥಿಗೆ ಮಾತ್ರ. ಈ ಊರಿನಲ್ಲಿ ದಿನವೂ ಇಡುತ್ತಾರೆ. ಮದುವೆಯಾಗಿ ಬಂದ ವರ್ಷ ಅಕ್ಕಪಕ್ಕದವರನ್ನು ನೋಡಿ ಕಲಿತೆ. ಸತ್ತವರು ಕಾಗೆಯಾಗಿ ಬರುತ್ತಾರೆ ಎನ್ನುವುದನ್ನು ನಾನು ನಂಬಿದವಳಲ್ಲ. ಬದುಕಿದ್ದಾಗ ಹತ್ತು ಸಲ ಕರೆದರೂ ಬಾರದ ನಮ್ಮವರು ಈಗ ಎರಡೇ ನಿಮಿಷಕ್ಕೆ ಹಾರಿ ಬರುತ್ತಾರೆಯೇ. ಆದರೂ ಇಡದೆ ತುತ್ತು ಇಳಿಯುವುದಿಲ್ಲ. ಪ್ಯಾರಪೆಟ್ಟಿನಿಂದ ದಾಸವಾಳದ ಕುಂಡಕ್ಕೆ ಎಷ್ಟು ದೂರ ಎಂದು ಹೋಗಿ ಅಳೆದೆ. ನನ್ನ ಕೈಯಲ್ಲಿ ಎರಡು ಗೇಣು. ಅನ್ನ ಬಡಿಸಿ, ಕೂಗಿ ಕರೆದು, ಪಕ್ಕದಲ್ಲೇ ಪಲ್ಯ ಇಟ್ಟ ಹಾಗೆ ಮರಿಗಳನ್ನು ತೋರಿಸಿಕೊಟ್ಟವಳು ನಾನೇ.

ಎದುರು ಬ್ಲಾಕಿನ ಮೂರು ಮಹಡಿ ಹತ್ತುವುದು ನನ್ನ ಕಾಲಿಗೆ ಕಷ್ಟ. ಅದಕ್ಕಿಂತ ಕಷ್ಟ ಹತ್ತಿದ ಮೇಲೆ ಆಡಬೇಕಾದ ಮಾತು. ಇಷ್ಟು ವಯಸ್ಸಿಗೆ ಅದನ್ನು ಎಲ್ಲೂ ಆಡಿ ಅಭ್ಯಾಸವಿಲ್ಲ. ಶೇಷಾದ್ರಿ ಬಾಗಿಲು ತೆಗೆದರು. ಕೂರಿ ಎನ್ನುವ ಮೊದಲೇ ಹೇಳಿದೆ.

“ಕಳ್ಳ ಸಿಕ್ಕಿದ ಶೇಷಾದ್ರಿಯವರೇ. ಕಾಗೆ. ಕರೆದದ್ದು ನಾನು.”

ಅವರು ಒಳಗೆ ಕರೆದು ಕೂರಿಸಿ ಕಂಪ್ಯೂಟರಿನಲ್ಲಿ ಒಂದು ಫೋಟೋ ತೋರಿಸಿದರು. ಅವರ ಕಿಟಕಿಯಿಂದ ತೆಗೆದದ್ದು. ನಮ್ಮ ಬಾಲ್ಕನಿ, ಕುಂಡದ ಮೇಲೆ ಕಾಗೆ, ಅದರ ಕೊಕ್ಕಿನಲ್ಲಿ ಏನೋ. ಒಂದು ಮೂಲೆಯಲ್ಲಿ ಅನ್ನದ ಬಟ್ಟಲು ಹಿಡಿದು ಒಳಗೆ ಹೋಗುತ್ತಿರುವ ನನ್ನ ಬೆನ್ನು.

“ಇದು ಇದ್ದೂ ನೀವು ಗೇಟಿನಲ್ಲಿ ಸುಮ್ಮನೆ ನಿಂತದ್ದು ಎಂಥಕ್ಕೆ ಮಾರಾಯ್ರೇ?” ಎಂದು ಕೇಳಿದೆ. ನನಗೆ ಸಿಟ್ಟೇ ಬಂದಿತ್ತು.

“ಕಾಗೆ ಬರದೆ ನೀವು ಊಟಕ್ಕೆ ಕೂರಲ್ಲಾಂತ ಬಿಲ್ಡಿಂಗ್‌ಗೇ ತೆರಿಯುಮ್ ಮಾಮಿ, ಎಲ್ಲರಿಗೂ ಗೊತ್ತು. ಹೇಳಿದ್ರೆ ಕಾಗೇನ ನಿಲ್ಲಿಸ್ತೀರಿ, ಊಟಾನೂ ನಿಲ್ಲಿಸ್ತೀರಿ. ಶುಗರ್ ಬೇರೆ ಇದೆ ನಿಮಗೆ,” ಎಂದರು.

ಫೋಟೋದಲ್ಲಿ ನನ್ನ ಬೆನ್ನು ಇಷ್ಟು ಅಗಲ ಬಂದಿದೆ, ಕ್ಯಾಮರಾ ಸರಿಯಿಲ್ಲ ಎಂದು ಹೇಳಿ ಎದ್ದು ಬಂದೆ. ಮರುದಿನ ಹೂವಿನವಳು ಬರುವ ಹೊತ್ತಿಗೆ ಗೇಟಿಗೆ ಹೋಗಿ, ಅದೇ ಹೆಂಗಸರಿಗೆ, ಮೊದಲು ಹೇಳಿದಷ್ಟೇ ಗಟ್ಟಿಯಾಗಿ, ತಪ್ಪು ನನ್ನದು ಎಂದೆ. ಯಾರೂ ನಗಲಿಲ್ಲ. ನಗುವ ಧೈರ್ಯ ಯಾರಿಗಿದೆ. ಭಾನುವಾರ ಎಂಟು ಮಕ್ಕಳು ಪಳ್ಳಿಕರಣೆಗೆ ಹೊರಟರು. ಅವರ ಮುಂದೆ ಮಂಡಿನೋವಿನ ಶೇಷಾದ್ರಿ ದಾಪುಗಾಲು ಹಾಕುತ್ತಿದ್ದರು.

ಮರಿಗಳು ಹಾರುವವರೆಗೆ ಕಾಗೆಗೆ ಅನ್ನ ಬಂದ್ ಎಂದು ಅನಘಾ ಕಾನೂನು ಮಾಡಿದಳು. ಮೊದಲ ದಿನ ತಟ್ಟೆಯ ಮುಂದೆ ಕೂತು ಗೋಡೆ ನೋಡಿದೆ. ಶುಗರಿನ ತಲೆಸುತ್ತು ಶುರುವಾದಾಗ ಬೇರೆ ದಾರಿಯಿಲ್ಲದೆ ಕಲಸಿ ಬಾಯಿಗಿಟ್ಟೆ. ಅನ್ನ ಹೊಗೆಯಾಡುತ್ತಿತ್ತು, ತುಪ್ಪ ಕರಗುತ್ತಿತ್ತು, ಸಾರು ನಾಲಿಗೆ ಸುಟ್ಟಿತು. ಇಷ್ಟು ವರ್ಷ ಮೊದಲ ಬಿಸಿ ತುತ್ತು ಕಾಗೆಗೆ ಇಟ್ಟು, ಅದು ಬರುವವರೆಗೆ ಕಾದು, ಆರಿದ್ದನ್ನು ನಾನು ಉಣ್ಣುತ್ತಿದ್ದೆ.

ಮರಿಗಳು ಮೂರೂ ಹಾರಿಹೋದವು. ತಾರಸಿಯಲ್ಲಿ ಗೂಡಿಲ್ಲದ ಮೂಲೆಯೊಂದನ್ನು ಶೇಷಾದ್ರಿ ತೋರಿಸಿಕೊಟ್ಟಿದ್ದಾರೆ, ಇನ್ನು ಕಾಗೆಗೆ ಇಡಬಹುದು ಎಂದು ಅನಘಾ ಅಪ್ಪಣೆ ಕೊಟ್ಟಳು. ಇಡುತ್ತಿದ್ದೇನೆ, ನನ್ನ ಊಟ ಮುಗಿದ ಮೇಲೆ. ಕಾಗೆ ಬಂದು ಬಟ್ಟಲು ನೋಡಿ ನನ್ನ ಮುಖ ನೋಡುತ್ತದೆ. ಆರಿದ ಅನ್ನ ತಿಂದರೆ ಏನೂ ಆಗುವುದಿಲ್ಲ ಎಂದು ಅದಕ್ಕೆ ಹೇಳಿದ್ದೇನೆ. ಐವತ್ತು ವರ್ಷ ತಿಂದವಳ ಮಾತು, ಕಾಗೆ ನಂಬಬೇಕು.