ಹಾಲು ಉಕ್ಕುವ ಹೊತ್ತಿನ ಸುದ್ದಿ

ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಮಲಗುವುದು, ಅದೊಂದನ್ನು ಬಿಟ್ಟರೆ ಅತ್ತೆಗೆ ಈ ಲೋಕದಲ್ಲಿ ಬೇರೆ ಆಸ್ತಿ ಇರಲಿಲ್ಲ. ಸೊಸೆಯ ಪರೀಕ್ಷೆ ಅದಕ್ಕೂ ಕನ್ನ ಹಾಕಿತು.

ಸೊಸೆ ಲೆಕ್ಕಶಾಸ್ತ್ರದಲ್ಲಿ ಡಾಕ್ಟರ್ ಆಗಲು ಹೊರಟವಳು. (ಸೂಜಿ ಚುಚ್ಚುವ ಡಾಕ್ಟರಲ್ಲ. ಮಂಡಿನೋವಿಗೆ ಉಪಯೋಗವಿಲ್ಲ ಎಂಬುದನ್ನು ಅತ್ತೆ ಮೊದಲೇ ಕೇಳಿ ತಿಳಿದುಕೊಂಡಿದ್ದರು.) ಎರಡು ವರ್ಷ ಪಾಠ ಮುಗಿದ ಮೇಲೆ ಸಮಗ್ರ ಪರೀಕ್ಷೆ ಅಂತ ಒಂದು ಹೊಸ್ತಿಲು. ಎರಡು ದಿನ ಬರೆಯಬೇಕು, ಮೂರನೆಯ ದಿನ ನಾಲ್ವರು ಪ್ರೊಫೆಸರುಗಳ ಮುಂದೆ ಕೂತು ಬಾಯಲ್ಲಿ ಹೇಳಬೇಕು. ಅದನ್ನು ದಾಟಿದರೆ ಮಾತ್ರ ಸ್ವಂತ ಸಂಶೋಧನೆ. ಹೋದ ಸಲ ಬರೆದದ್ದೆಲ್ಲ ಚೆನ್ನಾಗಿತ್ತಂತೆ. ನಾಲ್ವರ ಮುಂದೆ ಕೂತಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಟ್ಟಿತಂತೆ. ಈ ಸಲವೂ ಅಂಟಿದರೆ ಗಂಟುಮೂಟೆ ಕಟ್ಟುವುದೇ ಸೈ, ಮೂರನೆಯ ಅವಕಾಶವಿಲ್ಲ.

ಲೆಕ್ಕದ ಗಂಧಗಾಳಿ ಇಲ್ಲದವರಿಗೂ ಅರ್ಥವಾಗುವ ಹಾಗೆ ದಿನಾ ಹೇಳಿ ಅಭ್ಯಾಸ ಮಾಡು ಎಂದು ಅವಳ ಗೈಡು ಅಪ್ಪಣೆ ಮಾಡಿದ್ದರು. ಅಂಥವರನ್ನು ಎಲ್ಲಿಂದ ತರಲಿ ಎಂದು ಸೊಸೆ ಊಟದ ಹೊತ್ತಿನಲ್ಲಿ ಚಿಂತಿಸುತ್ತಿದ್ದರೆ, ಮಗರಾಯ ತಟ್ಟೆಯಿಂದ ತಲೆಯೆತ್ತದೆ ತಾಯಿಯತ್ತ ಬೆರಳು ತೋರಿಸಿ, ಕೈ ತೊಳೆದು ಕೆಲಸಕ್ಕೆ ಹೊರಟುಹೋದ. ಹೊತ್ತು ಹೆತ್ತದ್ದಕ್ಕೆ ಸಿಕ್ಕ ಪ್ರಶಸ್ತಿ ಅದು.

ಅಲ್ಲಿಂದ ಒಂದೂವರೆ ತಿಂಗಳು ಅತ್ತೆ ತಮ್ಮ ಮಂಚದ ಮೇಲೇ ಪರೀಕ್ಷಾಧಿಕಾರಿ. ಎದುರಿಗೆ ಸ್ಟೂಲಿನ ಮೇಲೆ ಸೊಸೆ. ಯಾವ ಪಂಡಿತ ಯಾವ ವರ್ಷ ಏನು ಬರೆದ, ಅದು ತಪ್ಪೆಂದವನು ಯಾರು, ಅವನನ್ನೂ ತಪ್ಪೆಂದವನು ಯಾರು. ಅತ್ತೆಗೆ ಅದೆಲ್ಲ ಪಕ್ಕದ ಮನೆಯ ಅಣ್ಣತಮ್ಮಂದಿರ ಜಗಳದ ಹಾಗೆ ಕೇಳುತ್ತಿತ್ತು. ಆರನೆಯ ಪಂಡಿತ ಬರುವಷ್ಟರಲ್ಲಿ ಕಣ್ಣು ಮುಚ್ಚಿ ತಲೆ ತೂಗುತ್ತಿತ್ತು. ತಲೆ ಮುಂದಕ್ಕೆ ತೂಗಿದರೆ ಸೊಸೆ, ಒಪ್ಪಿಗೆಯಾಯಿತೆಂದು ಮುಂದಿನದಕ್ಕೆ ಹೋಗುತ್ತಿದ್ದಳು. ಪಕ್ಕಕ್ಕೆ ವಾಲಿದರೆ ಮೊದಲಿನಿಂದ ಶುರು. ಈ ಗುಟ್ಟು ತಿಳಿದ ಮೇಲೆ ಅತ್ತೆ ಮೂಲೆಗೆ ಸರಿದು, ಗೋಡೆಗೂ ಕೆನ್ನೆಗೂ ನಡುವೆ ಒಂದು ದಿಂಬು ನಿಲ್ಲಿಸಿಕೊಂಡು ಕೂರತೊಡಗಿದರು. ಸೊಸೆಗೆ ಗೊತ್ತಾಗಲಿಲ್ಲ ಎಂದೇ ಅವರ ನಂಬಿಕೆ.

ಒಂದು ಮಧ್ಯಾಹ್ನ, ಕಂಪನಿಗಳು ಕೆಟ್ಟ ಸುದ್ದಿಯನ್ನು ಶುಕ್ರವಾರ ಸಂಜೆ ನೋಡಿಕೊಂಡೇ ಹೊರಗೆ ಬಿಡುತ್ತವೆಯೇ ಎಂಬ ವಿಷಯ ಬಂತು. ಹೌದೆಂದವರ ಹೆಸರು ಸೊಸೆಗೆ ಬಂತು, ಅಲ್ಲವೆಂದವರ ಹೆಸರೂ ಬಂತು. ಯಾಕೆ ಎನ್ನುವಲ್ಲಿ ನಾಲಿಗೆ ಅಂಟಿತು. ಎಷ್ಟು ಹೊತ್ತಾದರೂ ಸದ್ದಿಲ್ಲದ್ದಕ್ಕೇ ಅತ್ತೆಗೆ ಎಚ್ಚರವಾಯಿತು. ನೋಡಿದರೆ ಹುಡುಗಿಯ ಕಣ್ಣಲ್ಲಿ ನೀರು. ಏನೆಂದು ಕೇಳಿ ತಿಳಿದುಕೊಂಡರು.

"ಇಷ್ಟಕ್ಕೆ ಅಳ್ತೀಯಾ? ನಿಮ್ಮ ಮಾವ ಏನಾದ್ರೂ ಎಡವಟ್ಟು ಮಾಡ್ಕೊಂಡು ಬಂದ್ರೆ, ನಾನು ಹಾಲು ಕಾಯಿಸೋ ಹೊತ್ತು ನೋಡೇ ಹೇಳೋರು. ಕಣ್ಣು ಹಾಲಿನ ಮೇಲಿರುತ್ತಲ್ಲ, ಬೈಯೋಕೆ ಪುರುಸೊತ್ತಿರಲ್ಲ. ಒಲೆ ಆರಿಸಿ ತಿರುಗೋ ಹೊತ್ತಿಗೆ ಬೀದಿ ದಾಟಿರೋರು."

"ಅಂದ್ರೆ ಕೇಳೋರ ಗಮನ ಬೇರೆ ಕಡೆ ಇದ್ದಾಗ," ಎಂದಳು ಸೊಸೆ ಮೆಲ್ಲಗೆ.

"ಅಷ್ಟೇ. ಆದ್ರೆ ನಾಲ್ಕು ಸಲ ಆದ್ಮೇಲೆ, ಹಾಲಿಟ್ಟಾಗ ಅವರು ಅಡುಗೆಮನೆ ಕಡೆ ಬಂದ್ರೇ ನಂಗೆ ಗೊತ್ತಾಗೋದು."

ಸೊಸೆ ಕಣ್ಣೊರೆಸಿಕೊಂಡು ಅದನ್ನೂ ಬರೆದುಕೊಂಡಳು.

ಬಾಯಿಪರೀಕ್ಷೆಯಲ್ಲಿ ಕೊನೆಯ ಪ್ರೊಫೆಸರು ಅದನ್ನೇ ಕೇಳಬೇಕೆ? ನಾಲಿಗೆ ಇನ್ನೇನು ಅಂಟಿತು ಎನ್ನುವಾಗ ಮಾವ ನೆನಪಾಗಿ, ಹಾಲು ನೆನಪಾಗಿ, ಮಿಕ್ಕಿದ್ದೆಲ್ಲ ತಾನಾಗಿ ಬಂತಂತೆ. ಪಾಸು. ಸೊಸೆ ಬಂದು ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಸ್ಟೂಲನ್ನು ಹಿತ್ತಲಿಗೆ ಸಾಗಹಾಕಿ ಎರಡು ಮಧ್ಯಾಹ್ನ ಕಾಲು ಚಾಚಿ ಮಲಗಿದರು.

ಮೂರನೆಯ ಸಂಜೆ ಅವರು ಹಾಲು ಕಾಯಿಸುತ್ತಿದ್ದರು. ನೊರೆ ಪಾತ್ರೆಯ ಕಂಠಕ್ಕೆ ಬಂದಿತ್ತು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ಬಂದು ನಿಂತಳು, ಎಂದೂ ಇಲ್ಲದ ವಿನಯದಿಂದ. ಇವತ್ತು ಯಾವ ವಾರ ಎಂದು ಅತ್ತೆ ಮನಸ್ಸಿನಲ್ಲೇ ಎಣಿಸಿದರು. ಶುಕ್ರವಾರ.

"ಹೇಳಿಬಿಡಮ್ಮ," ಎಂದರು, ಹಾಲಿನಿಂದ ಕಣ್ಣು ತೆಗೆಯದೆ.

"ನನ್ನ ಜೊತೆಯವರು ಅತ್ತೆ, ನಾಲ್ಕೇ ಜನ. ಮುಂದಿನ ಸಲ ಪರೀಕ್ಷೆಗೆ ಕೂರೋರು. ನಾಳೆ ಮಧ್ಯಾಹ್ನದಿಂದ ಬರ್ತಾರೆ."

ಅತ್ತೆ ಒಲೆ ಆರಿಸಿ ತಿರುಗುವ ಹೊತ್ತಿಗೆ ಸೊಸೆ ಬೀದಿ ದಾಟಿದ್ದಳು. ಕೋಣೆಗೆ ಹೋಗಿ ನೋಡಿದರೆ ಸ್ಟೂಲು ವಾಪಸು ಬಂದಿತ್ತು, ಜೊತೆಗೆ ಮೂರು ಕುರ್ಚಿ ಕರೆದುಕೊಂಡು. ಮಂಚದ ಮೂಲೆಯಲ್ಲಿ ಅತ್ತೆ ಕೂರುವ ಜಾಗಕ್ಕೆ ಎಡಕ್ಕೊಂದು, ಬಲಕ್ಕೊಂದು ಹೊಸ ದಿಂಬು.