ಗಟಾರದಲ್ಲಿ ಮೇಯುವ ದನಗಳು

ಹತ್ತು ಕಿಲೋ ಬೆಲ್ಲದ ಪೆಂಟೆಗೆ ಅಂಗಡಿಯವನು ನಾನೂರೈವತ್ತು ಎಂದ, ಕೊಟ್ಟುಬಿಟ್ಟೆ. ಐದು ರೂಪಾಯಿಯೂ ಇಳಿಸಲಿಲ್ಲ. ನಾನು ಮಾಲು ಕೊಳ್ಳಲು ಹೋಗುವ ಸಾಂಗಲಿ ಪೇಟೆಯಲ್ಲಿ ನನ್ನನ್ನು ಬಲ್ಲವರು ಯಾರೂ ಇದನ್ನು ನಂಬುವುದಿಲ್ಲ! ಆದರೆ ಅವತ್ತು ಚೌಕಾಸಿ ಮಾಡುವಷ್ಟು ಉಸಿರು ನನ್ನಲ್ಲಿರಲಿಲ್ಲ. ನಮ್ಮ ಸೋದರಮಾವನ ದನಗಳು ಸಾಯುತ್ತಿದ್ದವು. ಕೊಂದವನು ನಾನು.

ಇಡೀ ಜತ್ತ ತಾಲೂಕಿನಲ್ಲಿ ನಮ್ಮ ಮಾಮಾರಷ್ಟು ದನ ಯಾರಿಗೂ ಇಲ್ಲ. ಕೋಟಿಗಟ್ಟಲೆ! ಒಂದೂ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಊರ ಗಟಾರದ ನೀರನ್ನು ಶುದ್ಧ ಮಾಡಿ ಹಳ್ಳಕ್ಕೆ ಬಿಡುವ ಘಟಕದಲ್ಲಿ ಅವರ ನೌಕರಿ. ಅಲ್ಲಿನ ದೊಡ್ಡ ತೊಟ್ಟಿಯಲ್ಲಿ ಹೊಲಸು ತಿಂದು ಬದುಕುವ ಸೂಕ್ಷ್ಮಜೀವಿಗಳೇ ಅವರ ದನ. ದಿನಾ ಬೆಳಿಗ್ಗೆ ಗಾಜಿನ ಜಾಡಿಗೆ ತೊಟ್ಟಿಯ ನೀರು ತುಂಬಿ, ಅರ್ಧ ತಾಸು ಎದುರಿಗೆ ಕೂಡುತ್ತಾರೆ. ಕೆಸರು ಕೆಳಗಿಳಿದು ಮೇಲೆ ತಿಳಿನೀರು ನಿಂತರೆ "ಮೇದಾವು" ಅಂತ ತಮ್ಮ ರೊಟ್ಟಿಯ ಗಂಟು ಬಿಚ್ಚುತ್ತಾರೆ. ಇಳಿಯದಿದ್ದರೆ ಉಪವಾಸ. ಇಂಥವರಿಗೆ ಏನನ್ನಬೇಕು?

ನನ್ನ ಮಗಳ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಮಾಮಾ ಹಿತ್ತಲಲ್ಲಿ ಅಡುಗೆಯವನ ಜೊತೆ ಜಗಳಕ್ಕೆ ನಿಂತಿದ್ದರು. ಪೂರಿ ಕರಿದ ಎಣ್ಣೆಯನ್ನು ಗಟಾರಕ್ಕೆ ಸುರುವಬಾರದಂತೆ, ದನಗಳಿಗೆ ಉಸಿರು ಕಟ್ಟುತ್ತದಂತೆ! ಕೊನೆಗೆ ಎಣ್ಣೆಯನ್ನೆಲ್ಲ ಡಬ್ಬಿಗೆ ತುಂಬಿಕೊಂಡು ಹೊರಟೇಬಿಟ್ಟರು. ಬೀಗರು ನನ್ನನ್ನು ಬದಿಗೆ ಕರೆದು ಕೇಳಿದರು: "ನಿಮ್ಮ ಮಾಮಾರ ಮನ್ಯಾಗ ಎಣ್ಣಿಗೆ ಭಾಳ ತ್ರಾಸ ಐತೇನ್ರಿ?"

ಇನ್ನು ನನ್ನ ಕಥೆ. ನನ್ನದು ಅದೇ ಊರಲ್ಲಿ ಸಾಬೂನು, ಫಿನಾಯಿಲ್ ವ್ಯಾಪಾರ. ಹಳೆ ಮಾಲೆಂದು ಎರಡು ಪೀಪಾಯಿ ಫಿನಾಯಿಲ್ ಅರ್ಧ ಬೆಲೆಗೆ ಎಳೆದು ತಂದಿದ್ದೆ. ಮುಚ್ಚಳ ತೆಗೆದರೆ ಒಡೆದ ಹಾಲಿನ ಹಾಗೆ! ಯಾರು ಕೊಳ್ಳುತ್ತಾರೆ? ಒಂದು ಮಧ್ಯಾಹ್ನ ಎರಡನ್ನೂ ಗಟಾರಕ್ಕೆ ಸುರುವಿದೆ. ಗಟಾರ ಸ್ವಚ್ಛವಾದರೆ ಮಾಮಾರಿಗೂ ಕೆಲಸ ಕಡಿಮೆ ಅಂತ ನನ್ನ ಜಾಣತನ.

ಮರುದಿನ ಜಾಡಿಯ ನೀರು ಕಲಕಿದ್ದು ಕಲಕಿದ ಹಾಗೇ ನಿಂತಿತು. ಮಾಮಾ ಹಳ್ಳದ ಗೇಟು ಮುಚ್ಚಿ, ನೀರನ್ನೆಲ್ಲ ಪಕ್ಕದ ಹೊಂಡಕ್ಕೆ ತಿರುಗಿಸಿದರು. ಹೊಂಡ ನಾಲ್ಕು ದಿನಕ್ಕೆ ತುಂಬುತ್ತದೆ; ಆಮೇಲೆ ಹೊಲಸು ನೇರ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಕೆಳಗೆ ಹಳ್ಳದ ದಂಡೆಯಲ್ಲಿ ಬಿಳೂರಿನ ಕುರಿಗಾರನೊಬ್ಬ ಇನ್ನೂರು ಕುರಿಗಳ ಜೊತೆ ಬೀಡು ಬಿಟ್ಟಿದ್ದ. ಹಳ್ಳದ ಮಡುವಿನ ನೀರೇ ಅವಕ್ಕೆ ಆಧಾರ. ಬೇರೆ ಕಡೆ ಹೋಗಪ್ಪ ಎಂದು ಮಾಮಾ ಹೇಳಿದರೆ ಅವನು ಅಂದದ್ದು ಇಷ್ಟೇ: "ನೀರ ಎಲ್ಲಿ ಐತಿ ಹೇಳ್ರಿ, ಹೋಗ್ತೀನಿ."

ತೊಟ್ಟಿಯಲ್ಲಿ ಹೊಸ ದನ ಹುಟ್ಟಬೇಕಾದರೆ ಬೀಜಕ್ಕೆ ಸಗಣಿ ಬೇಕು, ಮೇವಿಗೆ ಬೆಲ್ಲ ಬೇಕು. ಬೆಲ್ಲ ನಾನು ಹೊತ್ತು ತಂದೆ. ಬಾಯಿ ಮಾತ್ರ ಬಿಡಲಿಲ್ಲ. ಮಾಮಾ ಸಗಣಿ ಕಲಸುತ್ತಲೇ ಇದ್ದರು, ಏನೂ ಕೇಳಲಿಲ್ಲ. ಅದೇ ನನಗೆ ಇನ್ನಷ್ಟು ಹೆದರಿಕೆ! ಹೊಂಡದ ಅಂಚಿಗೆ ಎರಡು ಗೇಣು ಉಳಿಯಿತು, ಆಮೇಲೆ ಒಂದು. ಜಾಡಿ ಹಾಗೇ ಇತ್ತು. ಉಪವಾಸ ಈಗ ಇಬ್ಬರದಾಯಿತು.

ನಾಲ್ಕನೆಯ ಬೆಳಿಗ್ಗೆ ಜಾಡಿಯ ಮೇಲ್ಗಡೆ ಎರಡು ಬೆರಳು ತಿಳಿನೀರು ಕಂಡಿತು. ಆಮೇಲೆ ನಾಲ್ಕು. "ಮೇದಾವು," ಎಂದರು ಮಾಮಾ, ಯಾರಿಗೂ ಅಲ್ಲದ ಹಾಗೆ. ಸಂಜೆ ಗೇಟು ತೆರೆದು, ಕುರಿಗಳು ಬಂದು ಕುಡಿಯುವವರೆಗೆ ದಂಡೆಯಲ್ಲಿ ಕೂತೆವು. ಆಗ ಹೇಳಿಬಿಟ್ಟೆ.

"ಮಾಮಾ, ಫಿನಾಯಿಲ್ ಸುರುವಿದಾಂವ ನಾನ ರಿ."

"ಮೊದಲನೇ ದಿನಾನ ನಿನ್ನ ಅಂಗಡಿ ವಾಸನಿ ಬಡದಿತ್ತು, ತಮ್ಮಾ," ಎಂದರು. "ನಗರಪಾಲಿಕಾದಾಗ ಕೇಳಿದ್ರು. ತೊಟ್ಟಿಗೆ ಗಾಳಿ ಊದೂ ಪಂಪ ಚಾಲೂ ಮಾಡೂದು ನಾನ ಮರತೀನಿ, ಅದಕ್ಕ ದನಾ ಸತ್ತಾವು ಅಂತ ಬರದು ಕೊಟ್ಟೀನಿ. ನಿನಗ ಅಂಗಡಿ ಐತಿ. ಮಂದ್ಯಾಗ ಹೆಸರೈತಿ."

ಜಾಡಿಯಲ್ಲಿ ಕಂಡದ್ದನ್ನು ದಿನದ ವಹಿಯಲ್ಲಿ ಕೂದಲೆಳೆಯಷ್ಟೂ ಹೆಚ್ಚಿಸಿ ಬರೆಯದ ಮನುಷ್ಯ! ಮರುದಿನ ಕಚೇರಿಗೆ ಹೋಗಿ, ಆ ಕಾಗದ ತೆಗೆಸಿ, ನನ್ನ ತಪ್ಪು ಬರೆದುಕೊಟ್ಟು ಬಂದೆ.

ನಿಮಗೂ ಹೇಳುತ್ತೇನೆ, ಕೇಳಿ. ಕೆಟ್ಟ ಫಿನಾಯಿಲ್, ಆ್ಯಸಿಡ್ ಇದ್ದರೆ ಕೊಟ್ಟವನಿಗೇ ವಾಪಸು ಹೊರಿಸಿ, ಗಟಾರಕ್ಕೆ ಬೇಡ. ಸುರುವಿಬಿಟ್ಟಿದ್ದರೆ ಅದೇ ತಾಸಿನಲ್ಲಿ ಘಟಕಕ್ಕೆ ಓಡಿ ಹೇಳಿ. ಗೇಟು ಬೇಗ ಮುಚ್ಚಬಹುದು. ಅಲ್ಲಿ ನಿಮ್ಮ ಮೇಲೆ ಜೀವ ಇಟ್ಟವರು ಯಾರಾದರೂ ಇದ್ದರೆ ಇನ್ನೂ ಜೋರಾಗಿ ಓಡಿ. ಅವರು ನಿಮ್ಮ ಸಲುವಾಗಿ ಸುಳ್ಳು ಬರೆಯುವುದರೊಳಗೆ ಮುಟ್ಟಬೇಕು.