ಸದ್ಯ, ನಮ್ಮ ಗೂಳಿ ಆಡುತ್ತಿಲ್ಲ

ಫುಟ್‌ಬಾಲ್ ಲೋಕದ ಹಿರಿಮೆಯನ್ನು ಒಂಟಿ ಹೆಗಲ ಮೇಲೆ ಹೊತ್ತು ನಿಂತಿರುವ ನಮ್ಮ ಕ್ಲಬ್ಬಿನ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕ್ರೀಡಾಂಗಣದ ಮೈಕಿನ ಮುಂದೆ ಕೂತು ತಲೆ ನರೆಸಿಕೊಂಡ, ಕಳೆದ ಸೋಮವಾರದಿಂದ ಆ ಮೈಕಿನ ಹತ್ತಿರ ಸುಳಿಯಬಾರದೆಂದು ಆಜ್ಞೆ ಪಡೆದಿರುವ, ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತನಾದ ಮೇಷ್ಟ್ರು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಕ್ಲಬ್ಬಿನ ಸೂಚನಾ ಫಲಕದಿಂದ ತಿಳಿದು ಸಂತೋಷವಾಯಿತು. ಅದೇ ಫಲಕದಲ್ಲಿ ನಮ್ಮ ತಂಡವೂ ಕ್ಷೇಮವೆಂದು ಓದಿ ಸಂತೋಷದ ಜೊತೆ ಆಶ್ಚರ್ಯವೂ ಆಯಿತು. ಲೀಗಿನ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದುಕೊಂಡು "ಇಡೀ ಪಟ್ಟಿಗೆ ಬುನಾದಿ ನಾವೇ" ಎಂದು ಬರೆಸಲು, ಸೋತಾಗಲೆಲ್ಲ "ಗೆಲುವನ್ನು ಮುಂದೂಡಲಾಗಿದೆ" ಎಂದು ಪ್ರಕಟಿಸಲು ತಮ್ಮಂಥ ದೊಡ್ಡ ಮನಸ್ಸಿನವರಿಗೆ ಮಾತ್ರ ಸಾಧ್ಯ. ನಾವು ಗೆದ್ದ ಏಕೈಕ ಕಪ್ಪನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಸೂರು ಸೋರುವ ಕಡೆ ಇಡಿಸಿ, ಅದು ಎಂದೂ ಖಾಲಿಯಿರದಂತೆ ನೋಡಿಕೊಂಡಿರುವುದನ್ನೂ ಈ ಸಂದರ್ಭದಲ್ಲಿ ಸ್ಮರಿಸುತ್ತೇನೆ.

ಈಗ ನನ್ನ ಅಪರಾಧದ ವಿಷಯ. ನಮ್ಮ ಸ್ಟ್ರೈಕರ್‌ಗೆ 'ಗೂಳಿ' ಎಂಬ ಬಿರುದು ಕೊಟ್ಟವರು ತಾವು. ಅದಕ್ಕೆ 'ಗಾಜಿನ' ಎಂದು ಸೇರಿಸಿ ಪೂರ್ತಿ ಮಾಡಿದವರು ಗ್ಯಾಲರಿಯ ಜನ. ಅವರದೂ ತಪ್ಪಿಲ್ಲ. ಆತ ಬಸ್ಸಿನಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡವನು, ಕ್ಲಬ್ಬಿನ ಕ್ಯಾಲೆಂಡರಿನ ಫೋಟೋಗೆಂದು ಎಗರಿ ತೊಡೆಯ ಸ್ನಾಯು ಹರಿದುಕೊಂಡವನು, ಕೊನೆಗೂ ಒಂದು ಗೋಲು ಹೊಡೆದಾಗ ತಾವು ಓಡಿಬಂದು ಅಪ್ಪಿಕೊಂಡ ರಭಸಕ್ಕೆ ಪಕ್ಕೆಲುಬು ನೋಯಿಸಿಕೊಂಡವನು. ಆ ಗೋಲು ಆಫ್‌ಸೈಡ್ ಎಂದು ರದ್ದಾಯಿತು, ಪಕ್ಕೆಲುಬಿನ ನೋವು ಮಾತ್ರ ಊರ್ಜಿತವಾಯಿತು. ಈಗ ಎಡಮಂಡಿಯ ಸರದಿ. ಆತ ನನ್ನ ಮಗಳ ಗಂಡ ಎಂಬುದು ತಮಗೆ ಗೊತ್ತಿರುವುದೇ. ಅವನ ಹೆಸರು ಕೂಗುವಾಗ ನನ್ನ ದನಿ ತಾನಾಗಿ ಏರುತ್ತದೆಂದು ತಾವೇ ಎಷ್ಟೋ ಸಲ ಗೇಲಿ ಮಾಡಿದ್ದೀರಿ.

ಕಳೆದ ಭಾನುವಾರ ಓದಲೆಂದು ತಮ್ಮ ಕಚೇರಿಯಿಂದ ಬಂದ ಪ್ರಕಟಣೆಯಲ್ಲಿ "ಸದ್ಯ ನಮ್ಮ ಗೂಳಿ ಆಡುತ್ತಿಲ್ಲ" ಎಂದಿತ್ತು. ಈಗಿನ ಮಟ್ಟಿಗೆ ಆಡುತ್ತಿಲ್ಲ, ಬೇಗ ಬರುತ್ತಾನೆ ಎಂಬುದು ತಮ್ಮ ಆಶಯ. ನಾನು ವಯಸ್ಸಾದವನು, ಮೈಕಿನ ಗೂಡಿಗೆ ಮೆಟ್ಟಿಲು ಹತ್ತಿ ಬಂದವನು, ಮೊದಲ ಪದ ಹೇಳಿ ಉಸಿರೆಳೆದುಕೊಂಡೆ. ಅಷ್ಟಕ್ಕೇ ಅದು "ಸದ್ಯ, ನಮ್ಮ ಗೂಳಿ ಆಡುತ್ತಿಲ್ಲ" ಎಂದಾಗಿ, ಅಬ್ಬಾ ಬದುಕಿದೆವು ಎಂಬ ಅರ್ಥ ಹೊರಟು, ಗ್ಯಾಲರಿ ಒಕ್ಕೊರಲಿನಿಂದ "ಸದ್ಯ" ಎಂದಿತು. ಟೀ ಮಾರುವವನಂತೂ "ಮೇಷ್ಟ್ರೇ, ನಮ್ಮ ಬಾಯಲ್ಲಿದ್ದಿದ್ದನ್ನ ನೀವೇ ಹೇಳ್ಬಿಟ್ರಿ" ಎಂದು ಪುಕ್ಕಟೆ ಟೀ ಕೊಟ್ಟ. ಆ ದಿನ ನಾವು ಸೋಲಲಿಲ್ಲ, ಪಂದ್ಯ ಡ್ರಾ ಆಯಿತು. ಅದರಿಂದ ತಮ್ಮ ಕೋಪ ಇನ್ನಷ್ಟು ಏರಿತೆಂದು ಕೇಳಿದ್ದೇನೆ. "ಅನಧಿಕೃತ ಅಲ್ಪವಿರಾಮ ಬಳಕೆ" ಎಂಬ ಆರೋಪ ಹೊರಿಸಿ ಮರುದಿನವೇ ನನ್ನನ್ನು ಕೆಳಗಿಳಿಸಿದಿರಿ. ಜೀವಮಾನವಿಡೀ ಪಾಠ ಹೇಳಿದ ನನಗೆ ಅಲ್ಪವಿರಾಮವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಸಿಕ್ಕಿದ್ದು ಇದೇ ಮೊದಲು.

ಮನೆಯಲ್ಲಿ ಮಗಳು ಮಾತು ಬಿಟ್ಟಳು. "ಊರೆಲ್ಲಾ ನಗೋದು ಗೊತ್ತಿತ್ತು, ನೀವೂನಾ ಅಪ್ಪ" ಎಂದಷ್ಟೇ ಅಂದು ಒಳಗೆ ಹೋದಳು. ಮಂಡಿಯ ಮೇಲೆ ಐಸಿನ ಚೀಲ ಇಟ್ಟುಕೊಂಡು ಕೂತಿದ್ದ ಅಳಿಯ ಮಾತ್ರ ನಕ್ಕು, "ಇರ್ಲಿ ಬಿಡೇ, ನಾನು ಆಡದಿದ್ರೇ ಒಳ್ಳೇದು ಅಂತ ಯಾರಾದ್ರೂ ಒಬ್ರು ಹೇಳಿದ್ರಲ್ಲ" ಎಂದ. ಅವನು ಮೆಟ್ಟಿಲಿಳಿಯುವುದನ್ನು ತಾವು ನೋಡಿಲ್ಲ. ಕಂಬಿ ಹಿಡಿದು, ಬೆನ್ನು ಮುಂದಾಗಿ ತಿರುಗಿ, ಒಂದೊಂದೇ ಮೆಟ್ಟಿಲನ್ನು ಕಾಲಲ್ಲಿ ತಡಕಿಕೊಂಡು ಇಳಿಯುತ್ತಾನೆ. ನಾನು ಕಾಣದವನ ಹಾಗೆ ಪೇಪರ್ ಓದುತ್ತಿರುತ್ತೇನೆ. ಆ ಮಂಡಿಗೆ ಇನ್ನೊಮ್ಮೆ ಪೆಟ್ಟಾದರೆ ಆಟವಿರಲಿ, ತನ್ನ ಮಗುವನ್ನು ಎತ್ತಿಕೊಂಡು ಓಡಾಡುವುದೂ ಕಷ್ಟವೆಂದು ಡಾಕ್ಟರು ಹೇಳಿದ್ದಾರೆ. ನನಗೆ ಭಯವಾಗಿದೆ, ಅಧ್ಯಕ್ಷರೇ. ನಾನು ನಿಲ್ಲಿಸಿದ್ದು ಉಸಿರಿಗೇ, ಅದು ನಿಜ; ಆದರೆ ಅದರಿಂದ ಹುಟ್ಟಿದ ಅರ್ಥವನ್ನು ಎಷ್ಟು ಸಲ ಓದಿಕೊಂಡರೂ ತಿದ್ದುವಂಥದ್ದೇನೂ ಕಾಣಲಿಲ್ಲ.

ಇಷ್ಟರಲ್ಲಿ ತಮ್ಮ ಹೊಸ ಅಪ್ಪಣೆ ಬಂದಿದೆ. ಸೋತರೆ ಕೆಳಗಿನ ದರ್ಜೆಗೆ ಇಳಿಯಬೇಕಾದ ಈ ಭಾನುವಾರದ ಪಂದ್ಯದಲ್ಲಿ ಗೂಳಿ ಆಡಲೇಬೇಕು, ನೋವು ತಿಳಿಯದಂತೆ ಸೂಜಿ ಚುಚ್ಚಿಸಲಾಗುವುದು, ನಾನು ಮೈಕಿಗೆ ಮರಳಿ "ಸಂಪೂರ್ಣ ಗುಣಮುಖನಾಗಿ ಬಂದಿದ್ದಾನೆ" ಎಂದು ಎಲ್ಲೂ ನಿಲ್ಲದೆ ಓದಿದರೆ ಹಳೆಯದನ್ನೆಲ್ಲ ಮನ್ನಿಸಲಾಗುವುದು. ತಮ್ಮ ಔದಾರ್ಯಕ್ಕೆ ತಲೆಬಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ. ಗೇಟಿನ ಗೋಡೆಯ ಮೇಲೆ ತಾವು ಬರೆಸಿರುವ ಗೂಳಿಯ ಆಳೆತ್ತರದ ಚಿತ್ರವನ್ನೇ ಏಕೆ ಕಣಕ್ಕಿಳಿಸಬಾರದು? ಬಿಸಿಲು ಮಳೆಯೆನ್ನದೆ ಎರಡೂ ಕಾಲ ಮೇಲೆ ನಿಂತಿದೆ, ಒಂದು ದಿನ ರಜೆ ಕೇಳಿದ್ದಿಲ್ಲ. ಎಡಮಂಡಿಯ ಬಣ್ಣ ಎದ್ದುಹೋಗಿದೆ ನಿಜ, ಆದರೆ ಅದಕ್ಕೆ ಸೂಜಿ ಬೇಕಿಲ್ಲ, ಕುಂಚ ಸಾಕು. ಅದಾಗದಿದ್ದರೆ ಲೀಗಿನವರಿಗೆ ಹೇಳಿ ಪಟ್ಟಿಯನ್ನು ತಲೆಕೆಳಗಾಗಿ ಅಚ್ಚು ಹಾಕಿಸಿ. ಅದೂ ಆಗದಿದ್ದರೆ ಗೂಳಿಯ ಒಂಬತ್ತನೇ ನಂಬರಿನ ಅಂಗಿ ತೊಟ್ಟು ತಾವೇ ಇಳಿಯಿರಿ. ನಾನು ಉಸಿರು ಬಿಗಿಹಿಡಿದು ತಮ್ಮ ಹೆಸರು ಕೂಗುತ್ತೇನೆ.

ಇವು ಯಾವುವೂ ಒಪ್ಪಿಗೆಯಾಗದಿದ್ದರೆ ಮೈಕು ತಮ್ಮಲ್ಲೇ ಇರಲಿ. ಅದಿಲ್ಲದ ಭಾನುವಾರ ನನಗೆ ಸಪ್ಪೆ, ಸುಳ್ಳೇಕೆ ಹೇಳಲಿ. ಆದರೆ ನಾನು ತಿಳಿಯದೆ ಹಾಕಿದ್ದು ಅಲ್ಪವಿರಾಮ, ತಾವು ತಿಳಿದೂ ತಿಳಿದೂ ಆ ಮಂಡಿಗೆ ಹಾಕಹೊರಟಿರುವುದು ಪೂರ್ಣವಿರಾಮ. ಅದನ್ನು ನನ್ನ ಬಾಯಿಂದ ಓದಿಸಬೇಡಿ.

ಉಸಿರಿರುವವರೆಗೂ ತಮ್ಮ ವಿಶ್ವಾಸಿ,
ಗೂಳಿಯ ಮಾವ

ಮರೆತ ಮಾತು: ಆ ಎಡಗಾಲಿಗೆಂದೇ ಡಾಕ್ಟರು ಅಳತೆ ಕೊಟ್ಟು ಮಾಡಿಸಿದ, ಅದಿಲ್ಲದೆ ಮೈದಾನಕ್ಕೆ ಇಳಿಯಲೇಬಾರದೆಂದು ಹೇಳಿರುವ ಬೂಟು ನಿನ್ನೆಯಿಂದ ಕಾಣುತ್ತಿಲ್ಲ. ನನ್ನೊಡನೆ ಮತ್ತೆ ಮಾತಾಡತೊಡಗಿರುವ ಮಗಳು, ನಾನು ಕೂತಿರುವ ಕುರ್ಚಿಯ ಕೆಳಗೊಂದನ್ನು ಬಿಟ್ಟು ಮನೆಯೆಲ್ಲ ಹುಡುಕಿದಳು. ಭಾನುವಾರದ ಪ್ರಕಟಣೆಗೆ ಅನುಕೂಲವಾಗಲೆಂದು ವಾಕ್ಯವನ್ನು ನಾನೇ ಬರೆದು ಕಳಿಸುತ್ತಿದ್ದೇನೆ: ಸದ್ಯ ಬೂಟು ಸಿಗುತ್ತಿಲ್ಲ. ಅಲ್ಪವಿರಾಮ ಎಲ್ಲಿ ಹಾಕಬೇಕೆಂಬುದು ತಮಗೆ ಬಿಟ್ಟದ್ದು.